ಮೊನ್ನೆಯ ಶಿಲಾಯುಗ

ಕನ್ನಡಕದ ಅಂಗಡಿಯವನು ಕುರ್ಚಿಯ ಅಂಚಿಗೆ ಜಾರಿ ಕೂತಿದ್ದ. ಊಟದ ಮೇಜಿನ ಆಚೆ ಬದಿ ಕೂತ ಮ್ಯೂಸಿಯಂನವಳು, ಅವನೇ ಕೊಟ್ಟ ಭೂತಗನ್ನಡಿ ಹಿಡಿದು, ಕೊನೆಯ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

ಅವನ ಅಪ್ಪ ರಸ್ತೆ ಇಂಜಿನಿಯರ್. ರಸ್ತೆಗೆಂದು ಅಗೆದಲ್ಲೆಲ್ಲ ಸಿಕ್ಕ ಆದಿಮಾನವರ ಕಲ್ಲಿನ ಕೊಡಲಿಗಳನ್ನು ಮನೆಗೆ ತಂದು, ಪ್ರತಿಯೊಂದರ ಮೇಲೂ ಸಿಕ್ಕ ಜಾಗವನ್ನು ಇಂಕಿನಲ್ಲಿ ಬರೆದು, ಪೆಟ್ಟಿಗೆಗಳಲ್ಲಿ ತುಂಬಿಟ್ಟು ತೀರಿಕೊಂಡಿದ್ದರು. ಅವನ್ನು ಮ್ಯೂಸಿಯಂಗೆ ಕೊಡೋಣವೆಂದು ಮಗ ಫೋನ್ ಮಾಡಿದಾಗ ಬಂದವಳೇ ಇವಳು. ಒಂದೊಂದು ಕಲ್ಲನ್ನೂ ಹಸುಗೂಸಿನಂತೆ ಹತ್ತಿಯಲ್ಲಿ ಸುತ್ತುವಳು. ಕೆನ್ನೆಗೆ ಧೂಳು ಮೆತ್ತಿದ್ದು ಗೊತ್ತಾಗದೆ ನಗುವಳು.

ಒಂದೇ ದಿನದಲ್ಲಿ ಮುಗಿಯುವ ಕೆಲಸವನ್ನು ಅವನು ವಾರಕ್ಕೊಂದು ಪೆಟ್ಟಿಗೆಯಂತೆ ಎಳೆದ. ಪೆಟ್ಟಿಗೆಗಳು ಖಾಲಿಯಾದರೆ ಅವಳು ಯಾವ ನೆಪಕ್ಕೆ ಬಂದಾಳು? ನೆನೆದರೆ ಊಟ ಸೇರುತ್ತಿರಲಿಲ್ಲ. ಕೊನೆಗೆ ಹಿತ್ತಲಲ್ಲಿ ಕೂತು, ಕಲ್ಲಿಗೆ ಕಲ್ಲು ಕುಟ್ಟಿ, ತಾನೇ ಒಂದು ಕೊಡಲಿ ಮಾಡಿಬಿಟ್ಟಿದ್ದ!

“ಇದು ಎಲ್ಲಿ ಸಿಕ್ಕಿದ್ದು? ಇದರ ಮೇಲೆ ಏನೂ ಬರೆದೇ ಇಲ್ವಲ್ಲ?”

“ಅಪ್ಪ ಮರೆತಿರಬೇಕು.”

“ಹೂಂ. ಹಳೇ ಕಲ್ಲಿನ ಅಂಚು ಮಾಸಿರುತ್ತೆ. ಇದು ಫಳಫಳ ಅಂತಿದೆ.” ಭೂತಗನ್ನಡಿ ಮೆಲ್ಲಗೆ ಕಲ್ಲಿನಿಂದ ಅವನ ಹೆಬ್ಬೆರಳಿನ ಬ್ಯಾಂಡೇಜಿಗೆ ಸರಿಯಿತು. “ಬೆರಳಿಗೇನಾಯ್ತು?”

“ಅದು... ಲೆನ್ಸ್ ತಾಗಿ...”

“ಲೆನ್ಸೂ ಇಲ್ಲ ಗಿನ್ಸೂ ಇಲ್ಲ ಕಣಮ್ಮ!” ಅಡುಗೆಮನೆಯಿಂದ ಅಮ್ಮನ ದನಿ ಬಂತು. “ಮೊನ್ನೆ ಇಡೀ ದಿನ ಹಿತ್ತಲಲ್ಲಿ ಕುಟ್ಟಿದ್ದೇ ಕುಟ್ಟಿದ್ದು. ತಲೆ ಚಿಟ್ಟು ಹಿಡೀತು ನಂಗೆ.”

ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಅವನಿಗೆ.

“ಮ್ಯೂಸಿಯಂಗೇ ಟೋಪಿ ಹಾಕೋಕೆ ಹೊರಟಿದ್ರಾ?” ಅವಳ ಹುಬ್ಬು ಗಂಟಿಕ್ಕಿತ್ತು, ತುಟಿಯಂಚಿನ ನಗು ಮಾತ್ರ ಮಾತು ಕೇಳುತ್ತಿರಲಿಲ್ಲ.

“ಇಲ್ಲ, ಖಂಡಿತ ಇಲ್ಲ! ಪೆಟ್ಟಿಗೆ ಮುಗಿದ್ರೆ ನೀವು ಬರೋದೂ ನಿಂತುಹೋಗುತ್ತೆ ಅಂತ... ನೀವಂದ್ರೆ ನಂಗಿಷ್ಟ. ತುಂಬಾ ಇಷ್ಟ.”

ಅವಳ ಕಿವಿಯ ತುದಿ ಕೆಂಪಾಯಿತು. ಪೆನ್ನು ತೆಗೆದಳು.

“ಜಾಗ ಬರೆಯದೇ ಇದ್ರೆ ಕಲ್ಲು ಬರೀ ಕಲ್ಲು,” ಎನ್ನುತ್ತ ಅದರ ಮೇಲೆ ಪುಟ್ಟ ಅಕ್ಷರದಲ್ಲಿ ‘ಹಿತ್ತಲು’ ಎಂದು ಬರೆದಳು. ಇಂಕು ಒಣಗಲೆಂದು ಊದಿದಳು. ಹತ್ತಿಯಲ್ಲಿ ಸುತ್ತಿ, ಪೆಟ್ಟಿಗೆಗೆ ಹಾಕದೆ ತನ್ನ ಬ್ಯಾಗಿಗೆ ಹಾಕಿಕೊಂಡಳು.

“ಇದು ಮ್ಯೂಸಿಯಂಗಲ್ಲ.”

ಅವನು ಬಾಯಿ ತೆರೆಯುವ ಮೊದಲೇ ಅವಳು ಬಾಗಿಲಲ್ಲಿದ್ದಳು.

“ಭಾನುವಾರ ಬರ್ತೀನಿ. ಅಷ್ಟರಲ್ಲಿ ಇನ್ನೊಂದು ಕಲ್ಲು ಒಡೆದು ಬೆರಳು ಕೊಯ್ಕೋಬೇಡ.”

‘ಬೇಡಿ’ ಹೋಗಿ ‘ಬೇಡ’ ಬಂದದ್ದು ಅವನ ತಲೆಗೆ ಹೋಗುವಷ್ಟರಲ್ಲಿ ಅವಳು ಗೇಟು ದಾಟಿಯಾಗಿತ್ತು.