ನೂರು ಹುಂಜಗಳ ಮನೆಗೆ ಹಾಡಹಗಲು ಕನ್ನ

ಬಹಳ ಹಿಂದೆ, ಹಡಗಿಗೆ ದಾರಿ ಕಾಣಲೆಂದು ಅದರ ಮೂತಿಗೆ ಎರಡು ಕಣ್ಣು ಬರೆಯುತ್ತಿದ್ದ ಕಾಲದಲ್ಲಿ, ಮುತ್ತಿನಕೊಲ್ಲಿ ಎಂಬ ರಾಜ್ಯವಿತ್ತು. ಚೀನಾದ ಪಿಂಗಾಣಿ, ಜಾವಾದ ಜಾಗಟೆ, ಸಿಂಹಳದ ದಾಲ್ಚಿನ್ನಿ ಎಲ್ಲವೂ ಅದರ ಬಂದರಿನಲ್ಲಿ ಇಳಿಯುತ್ತಿದ್ದವು. ಇಷ್ಟು ಸರಕಿರುವ ಊರಿನಲ್ಲಿ ಕಳ್ಳರಿಲ್ಲದೆ ಇರುತ್ತಾರೆಯೇ? ಇದ್ದರು. ಆದರೆ ಅಲ್ಲಿಯ ರಾಜ ಮಕರಂದರಾಯ ಜಾಣ. ಅವರಲ್ಲಿ ಅತಿ ನುರಿತ ಗಂಡ ಹೆಂಡಿರನ್ನು ಕರೆಸಿ ಆಸ್ಥಾನದ ಕಳ್ಳರೆಂದು ನೇಮಿಸಿಕೊಂಡಿದ್ದ. ವರ್ಷಕ್ಕೊಮ್ಮೆ ಅರಮನೆಗೆ ಕನ್ನ ಹಾಕಿ, ಯಾವ ಗೋಡೆ ಗಟ್ಟಿ, ಯಾವುದು ಟೊಳ್ಳು ಎಂದು ಹೇಳುವುದು ಅವರ ಕೆಲಸ.

ಗಂಡನ ಹೆಸರು ಜಟ್ಟಪ್ಪ. ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎನ್ನುವವರ ಪೈಕಿ ಅವನು. ಹೆಂಡತಿ ಹೊಂಬಾಳಮ್ಮ. ಅವಳ ಬಾಯಿ ಚಿಕ್ಕದು, ಕೈ ದೊಡ್ಡದು. ಮೂವತ್ತು ವರ್ಷ ಒಂದೇ ಒಲೆಯ ಮುಂದೆ ಉಂಡವರು, ಒಂದೇ ಕನ್ನದಲ್ಲಿ ನುಸುಳಿದವರು. ಮಕ್ಕಳಿರಲಿಲ್ಲ. ಅವನಿಗೆ ಅವಳು, ಅವಳಿಗೆ ಅವನು.

ಆ ವರ್ಷ ಊರಿನಲ್ಲಿ ಗಂಡಸರು ಕಾಣೆಯಾಗತೊಡಗಿದರು. ಮೊದಲು ಒಬ್ಬ ಅಕ್ಕಸಾಲಿ, ಆಮೇಲೆ ಇಬ್ಬರು ಅಂಬಿಗರು, ಆಮೇಲೆ ಸಂಗೀತದ ಮೇಷ್ಟ್ರು, ಹೀಗೆ ಒಬ್ಬೊಬ್ಬರಾಗಿ ನೂರರ ಹತ್ತಿರ. ಎಲ್ಲರೂ ಕೊನೆಗೆ ಕಂಡದ್ದು ಬೆಟ್ಟದ ಬುಡದ ಕೆಂಪು ಮನೆಯ ಹತ್ತಿರ. ಅಲ್ಲಿದ್ದವನು ಧೂಮಕೇಶನೆಂಬ ಮಾಂತ್ರಿಕ. ಒಳಗೇನಿದೆ ನೋಡಿಕೊಂಡು ಬಾ ಎಂದು ರಾಜ ಜಟ್ಟಪ್ಪನನ್ನು ಕಳಿಸಿದ. ಹೊಂಬಾಳಮ್ಮನಿಗೆ ಆ ದಿನ ಜ್ವರ. ಒಬ್ಬನೇ ಹೋಗಬೇಡಿ, ಎರಡು ದಿನ ತಡೆಯಿರಿ ಎಂದಳು. ಇಂಥ ನೂರು ಮನೆ ನೋಡಿದ್ದೇನೆ ಎಂದು ಮೀಸೆ ತಿರುವಿಕೊಂಡು ಅವನು ಹೊರಟೇಬಿಟ್ಟ.

ಹೋದವನು ಬರಲಿಲ್ಲ.

ಆ ಮನೆಗೆ ನುಚ್ಚು ಕೊಡುತ್ತಿದ್ದ ಚೆನ್ನಾಜಮ್ಮ ಮರುದಿನ ಬಂದು ನಡೆದದ್ದನ್ನು ಹೇಳಿದಳು. ಜಟ್ಟಪ್ಪ ಹಿಂದಿನ ಗೋಡೆಗೆ ಚೆಂದದ ಕನ್ನ ಹಾಕಿ, ಒಳಗೆ ಹೋಗಿ, ಎಲ್ಲವನ್ನೂ ನೋಡಿ, ಕೂದಲೂ ಕೊಂಕದೆ ಹೊರಗೆ ಬಂದಿದ್ದನಂತೆ. ಹತ್ತು ಹೆಜ್ಜೆ ನಡೆದವನು ಹಣೆ ಚಚ್ಚಿಕೊಂಡು ನಿಂತನಂತೆ. ಕನ್ನ ಹಾಕಿದ ಮೇಲೆ ಅದರ ಬಾಯಲ್ಲಿ ಎರಡು ವೀಳ್ಯದೆಲೆ, ಒಂದು ಅಡಿಕೆ ಇಟ್ಟು ಬರುವುದು ಅವರ ಕುಲದ ಮರ್ಯಾದೆ. ನಿಮ್ಮ ಗೋಡೆಯನ್ನು ನೋಯಿಸಿದೆವು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಮನೆಯವರಿಗೆ ಹೇಳಿದ ಹಾಗೆ. ಜಟ್ಟಪ್ಪ ಅದನ್ನು ಮರೆತಿದ್ದ. ಎಲೆ ಇಡಲು ವಾಪಸು ಹೋದ. ಎಲೆಯ ತೊಟ್ಟು ಮನೆಯ ಕಡೆಗೆ ತಿರುಗಿದೆಯೆಂದು ಅದನ್ನು ಸರಿಮಾಡುತ್ತಿದ್ದಾಗ ಒಳಗಿನಿಂದ ಒಂದು ಕೈ ಬಂದು ಅವನ ಜುಟ್ಟು ಹಿಡಿಯಿತು.

ಕಳ್ಳತನ ಮಾಡಿ ಸಿಕ್ಕಿಬಿದ್ದವರನ್ನು ಲೋಕ ಕಂಡಿದೆ. ಮರ್ಯಾದೆ ಮಾಡಲು ಹೋಗಿ ಸಿಕ್ಕಿಬಿದ್ದವನು ಅವನೊಬ್ಬನೇ ಇರಬೇಕು.

"ಈಗೆಲ್ಲಿದ್ದಾರೆ?" ಎಂದಳು ಹೊಂಬಾಳಮ್ಮ.

"ಹುಂಜ ಆಗವ್ರೆ ಕಣಕ್ಕ," ಎಂದಳು ಚೆನ್ನಾಜಮ್ಮ. "ಕಾಣೆಯಾದೋರೆಲ್ಲ ಹುಂಜಗಳೇ. ನಿಮ್ಮೋರು ಸೇರಿ ನೂರು ಭರ್ತಿ ಆಯ್ತು. ನಾಳೆ ಅಮಾವಾಸ್ಯೆ. ಸೂರ್ಯ ನೆತ್ತಿಗೆ ಬಂದ ಮೇಲೆ ನೂರನ್ನೂ ಕುಯ್ದು ಸಾರು ಮಾಡಿ ಕುಡಿತಾನಂತೆ. ಕುಡಿದ್ರೆ ಇನ್ನೂ ನೂರು ವರ್ಷ ಬದುಕ್ತಾನಂತೆ."

ಆ ಮನೆಯ ಉಳಿದ ಗುಟ್ಟುಗಳನ್ನೂ ಅವಳೇ ಹೇಳಿದಳು. ಹುಂಜವಾದವನಿಗೆ ತಾನು ಯಾರೆಂಬುದು ಮರೆತುಹೋಗುತ್ತದೆ. ಅವನವರು ಯಾರಾದರೂ ಬಂದು, ಗುರುತು ಹಿಡಿದು, ಕೈಯಿಂದ ಮುಟ್ಟಿದರೆ ಮಾಯೆ ಹರಿಯುತ್ತದೆ. ಒಂದು ಗಂಟು ಬಿಚ್ಚಿದರೆ ಬಲೆಯೆಲ್ಲ ಬಿಚ್ಚಿದ ಹಾಗೆ, ನೂರು ಜನವೂ ಮನುಷ್ಯರಾಗುತ್ತಾರೆ. ಆದರೆ ತಪ್ಪು ಹುಂಜವನ್ನು ಮುಟ್ಟಿದರೆ ಮುಟ್ಟಿದವಳೇ ಹೇಂಟೆ. ಹೋದ ತಿಂಗಳು ಗಾಣಿಗರ ಹೆಂಗಸೊಬ್ಬಳು ಗಂಡನನ್ನು ಹುಡುಕಿ ಹೋಗಿದ್ದಳು. ಮಾಂತ್ರಿಕ ಮೋಜು ನೋಡಲೆಂದೇ ಒಳಗೆ ಬಿಟ್ಟ. ಅವಳೀಗ ಅಲ್ಲೇ ನುಚ್ಚು ಹೆಕ್ಕುತ್ತಿದ್ದಾಳೆ. ಈಗ ಅವನಿಗೆ ಮೋಜು ಬೇಕಿಲ್ಲ, ಒಲೆಯ ಮೇಲೆ ಹಂಡೆ ಏರಿದೆ.

ಹೊಂಬಾಳಮ್ಮ ಅಳಲಿಲ್ಲ. ಅಳುವುದಕ್ಕೆ ಹೊತ್ತಿರಲಿಲ್ಲ. ಧೂಮಕೇಶ ಕತ್ತಲೆಯಲ್ಲಿ ಗೂಬೆಯ ಹಾಗೆ ಎಚ್ಚರವಿರುತ್ತಾನೆ, ಬೆಳಗಾದ ಮೇಲೆ ಮಲಗಿ ಮಧ್ಯಾಹ್ನಕ್ಕೆ ಏಳುತ್ತಾನೆ ಎಂದು ತಿಳಿದಾಗ ಮಾತ್ರ ಅವಳು ಎದ್ದು ಸೂರ್ಯನ ಕಡೆ ನೋಡಿದಳು. ಹಾಗಾದರೆ ಹೋಗಬೇಕಾದದ್ದು ಹಗಲಿನಲ್ಲಿ. ಅವಳ ಏಳು ತಲೆಮಾರಿನಲ್ಲಿ ಯಾರೂ ಸೂರ್ಯನ ಎದುರು ಕದ್ದವರಲ್ಲ. ಕತ್ತಲೆಯಲ್ಲಿ ಅವಳ ಕಾಲಿಗೆ ಕಣ್ಣಿತ್ತು. ಬೆಳಕಿನಲ್ಲಿ ಅವಳು ಎಲ್ಲರ ಹಾಗೆ ಒಬ್ಬ ಮುದುಕಿ.

ಮರುದಿನ ಚೆನ್ನಾಜಮ್ಮನ ಅಗಲವಾದ ನುಚ್ಚಿನ ಬುಟ್ಟಿಯನ್ನು ತಲೆಯ ಮೇಲಿಟ್ಟು, ನುಚ್ಚಿನ ಕೆಳಗೆ ಕನ್ನದ ಉಳಿಯನ್ನು ಹೂತು, ಅವಳು ಬೆಟ್ಟದ ಬುಡಕ್ಕೆ ಬಂದಳು. ಕೆಂಪು ಮನೆಯ ಗೋಡೆಗೆ ಮಾಂತ್ರಿಕ ಹೊಸದಾಗಿ ಮಂತ್ರ ಹಾಕಿದ್ದ. ಹೊರಗಿನಿಂದ ಮುಟ್ಟಿದರೆ ಅದು ಕರಿಕಲ್ಲು, ಒಳಗಿನಿಂದ ಬರೀ ಮಣ್ಣು. ಬಾಗಿಲಿನಿಂದಲೇ ಹೋಗಬೇಕು. ಕಳ್ಳರ ಕುಲದಲ್ಲಿ ಹುಟ್ಟಿ ಬಾಗಿಲಿನಿಂದ ಹೋಗುವುದೇ ಎಂದು ಅವಳಿಗೆ ನಾಚಿಕೆಯಾಯಿತು.

ಬಾಗಿಲಿನ ಎರಡೂ ಕಡೆ ಚೀನಾದ ಹಡಗಿನಲ್ಲಿ ಬಂದ ಕಲ್ಲಿನ ಸಿಂಹಗಳಿದ್ದವು. ಅವಳು ಹತ್ತಿರ ಬಂದಾಗ ಅವು ಕಣ್ಣು ತೆರೆದವು. ಸುಳ್ಳು ಹೇಳಿದವರನ್ನು ತಿನ್ನುವುದು ಅವುಗಳಿಗೆ ಮಾಂತ್ರಿಕ ಕೊಟ್ಟ ಕೆಲಸ. ಎಡಗಡೆಯದರ ಹಲ್ಲಿನ ಸಂದಿಯಲ್ಲಿ ಯಾರದೋ ಪೇಟದ ಚಿಂದಿ ಸಿಕ್ಕಿಕೊಂಡಿತ್ತು.

"ಯಾರು ನೀನು? ಯಾಕೆ ಬಂದೆ?" ಎಂದಿತು ಬಲಗಡೆಯ ಸಿಂಹ.

ನುಚ್ಚಿನವಳು ಎಂಬ ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

"ನಾನು ಕಳ್ಳಿ," ಎಂದಳು. "ನಿನ್ನ ಯಜಮಾನನ ಮನೆಯಲ್ಲಿ ಕದಿಯೋಕೆ ಬಂದಿದ್ದೀನಿ."

ಸಿಂಹಗಳು ಒಂದರ ಮುಖ ಒಂದು ನೋಡಿಕೊಂಡವು. ಆ ಬಾಗಿಲಿನಲ್ಲಿ ಯಾರೂ ಈ ಮಾತು ಹೇಳಿರಲಿಲ್ಲ. ಆದರೆ ಅದು ಸುಳ್ಳಲ್ಲ, ಸುಳ್ಳಲ್ಲದ್ದನ್ನು ತಿನ್ನುವ ಹಾಗಿಲ್ಲ. ಕಳ್ಳರನ್ನು ತಡೆಯಬೇಕೆಂದು ಅವುಗಳಿಗೆ ಯಾರೂ ಹೇಳಿರಲಿಲ್ಲ. ಎರಡೂ ಕಣ್ಣು ಮುಚ್ಚಿಕೊಂಡವು. ಹೊಂಬಾಳಮ್ಮ ಹೊಸ್ತಿಲು ದಾಟಿದಳು.

ಒಳಗೆ ದೊಡ್ಡ ಅಂಗಳ. ಅಂಗಳದ ಆಚೆ ಕೋಳಿಮನೆ. ನಡುವೆ ಒಂದು ಮರವಿಲ್ಲ, ಒಂದು ಕಂಬವಿಲ್ಲ, ಬರೀ ಬಿಸಿಲು. ಮೂಲೆಯಲ್ಲಿ ಜಾವಾದ ಕಂಚಿನ ಜಾಗಟೆ ತೂಗುತ್ತಿತ್ತು. ಅಂಗಳದಲ್ಲಿ ಮನುಷ್ಯರ ನೆರಳು ಬಿದ್ದರೆ ಅದು ತಾನಾಗಿಯೇ ಬಡಿದುಕೊಳ್ಳುತ್ತಿತ್ತು. ರಾತ್ರಿಯ ಕಳ್ಳರಿಗೆ ನೆರಳಿನ ಯೋಚನೆಯೇ ಇರುವುದಿಲ್ಲ. ಹೊಂಬಾಳಮ್ಮ ಬಾಗಿಲಿನ ಸಂದಿಯಲ್ಲಿ ನಿಂತು ತನ್ನ ನೆರಳನ್ನು ಹೊಸದಾಗಿ ನೋಡುವವಳಂತೆ ನೋಡಿದಳು. ಅದು ಬುಟ್ಟಿಯ ನೆರಳಿನಿಂದ ಹೊರಗೆ ಒಂದು ಮೊಳ ಚಾಚಿತ್ತು.

ಸೂರ್ಯ ನೆತ್ತಿಗೆ ಬಂದರೆ ಬುಟ್ಟಿಯ ನೆರಳು ಅವಳನ್ನು ಪೂರ್ತಿ ಮುಚ್ಚುತ್ತದೆ. ಆದರೆ ಸೂರ್ಯ ನೆತ್ತಿಗೆ ಬರುವುದೂ ಧೂಮಕೇಶ ಏಳುವುದೂ ಒಂದೇ ಹೊತ್ತಿಗೆ. ಅವನ ಕೋಣೆಯ ಕಿಟಕಿಯಲ್ಲಿ ಗಳಿಗೆಬಟ್ಟಲು ಕಾಣುತ್ತಿತ್ತು. ತಳದಲ್ಲಿ ತೂತಿರುವ ತಾಮ್ರದ ಬಟ್ಟಲು, ನೀರಿನಲ್ಲಿ ತೇಲುತ್ತಾ ನಿಧಾನವಾಗಿ ತುಂಬಿಕೊಳ್ಳುತ್ತಿತ್ತು. ಅದು ಮುಳುಗಿದ ಸದ್ದಿಗೆ ಅವನಿಗೆ ಎಚ್ಚರ. ಅವಳು ಒಂದು ಕಣ್ಣನ್ನು ಬಟ್ಟಲಿನ ಮೇಲೆ, ಒಂದು ಕಣ್ಣನ್ನು ನೆರಳಿನ ಮೇಲೆ ಇಟ್ಟು ನಿಂತಳು. ನೆರಳು ಒಂದು ಗೇಣಾಯಿತು. ಬಟ್ಟಲು ಮುಕ್ಕಾಲು ತುಂಬಿತು. ನೆರಳು ನಾಲ್ಕು ಬೆರಳಾಯಿತು. ಬಟ್ಟಲಿನ ಅಂಚು ನೀರಿಗೆ ಹತ್ತಿರವಾಯಿತು. ಅಂಗಳದ ಮೂಲೆಯಲ್ಲಿ ಹಂಡೆ ಕೊತಕೊತ ಕುದಿಯುತ್ತಿತ್ತು, ಅರಿಶಿನದ ವಾಸನೆ ಬರುತ್ತಿತ್ತು.

ನೆರಳು ಬುಟ್ಟಿಯೊಳಗೆ ಸೇರಿದ್ದೇ ತಡ ಅವಳು ಹೊರಟಳು. ಜೋರಾಗಿ ನಡೆದರೆ ಬುಟ್ಟಿ ವಾಲುತ್ತದೆ, ನಿಧಾನವಾಗಿ ನಡೆದರೆ ಬಟ್ಟಲು ಮುಳುಗುತ್ತದೆ. ನಡುವೆ ಒಮ್ಮೆ ಅವಳ ಮೊಣಕೈ ನೆರಳಿನಿಂದ ಇಣುಕಿತು. ಜಾಗಟೆ ಗೊರಕೆ ಹೊಡೆಯುವವರ ಹಾಗೆ ಒಂದು ಸಲ ಗೊರ್ ಎಂದಿತು. ಅವಳು ಕೈ ಒಳಗೆ ಎಳೆದುಕೊಂಡಳು. ಅಂಗಳ ಮುಗಿಯಿತು.

ಕೋಳಿಮನೆಯೊಳಗೆ ನೂರು ಹುಂಜಗಳಿದ್ದವು. ನೂರಕ್ಕೂ ಒಂದೇ ಕೆಂಪು ಜುಟ್ಟು, ಒಂದೇ ಹಸಿರು ಬಾಲ, ಒಂದೇ ಹಳದಿ ಕಾಲು. ಮೂಲೆಯಲ್ಲಿ ಒಂದು ಹೇಂಟೆ ಸಪ್ಪಗೆ ಕೂತಿತ್ತು. ಹೊಂಬಾಳಮ್ಮ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಮೈಮರೆತು ಕೈ ತಾಕಿದರೂ ಮುಗಿಯಿತು.

ಮೊದಲು, ಮೂವತ್ತು ವರ್ಷ ಕರೆದ ಹಾಗೆಯೇ ಮೆತ್ತಗೆ ಕರೆದಳು. "ಏನೂಂದ್ರೆ."

ಎಂಬತ್ತು ಹುಂಜಗಳು ತಟ್ಟನೆ ಕತ್ತೆತ್ತಿದವು. ಮದುವೆಯಾದ ಗಂಡಸು ತನ್ನನ್ನು ತಾನೇ ಮರೆತರೂ ಈ ಕರೆಯನ್ನು ಮರೆಯುವುದಿಲ್ಲ. ಬ್ರಹ್ಮಚಾರಿಗಳಾದ ಇಪ್ಪತ್ತು ಮಾತ್ರ ನುಚ್ಚು ಹೆಕ್ಕುತ್ತಿದ್ದವು.

ಅವಳು ಗಂಡನ ಹೆಸರನ್ನು ಎಂದೂ ಬಾಯಲ್ಲಿ ಆಡಿದವಳಲ್ಲ. ದೇವರಿಗೆ ಕ್ಷಮೆ ಕೇಳಿ, "ಜಟ್ಟಪ್ಪ," ಎಂದಳು. ಒಂದೂ ತಿರುಗಲಿಲ್ಲ. ತಿರುಗುವುದಾದರೂ ಹೇಗೆ? ಪರರ ಮನೆಯಲ್ಲಿರುವಾಗ ಯಾರು ಹೆಸರು ಕೂಗಿದರೂ ಓಗೊಡಬಾರದು ಎಂಬುದು ಕಳ್ಳನ ಮೊದಲ ಪಾಠ. ಮೈಯಲ್ಲಿ ಇಳಿದ ಪಾಠ ಅದು. ಅವಳಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆ ಅಳು ಬಂತು. ಇಷ್ಟು ವರ್ಷ ಒಟ್ಟಿಗೆ ಬಾಳಿದ ಗಂಡನನ್ನು ಹೀಗೆ ಎದುರಿಗೆ ಇಟ್ಟುಕೊಂಡು ಗುರುತಿಸಲಾರದೆ ಹೋದೆನಲ್ಲ ಎಂದು ತನ್ನನ್ನೇ ಬಯ್ದುಕೊಂಡಳು.

ಆಗ ಕಿಟಕಿಯ ಕಡೆಯಿಂದ ಗುಳುಂ ಎಂದು ಸದ್ದಾಯಿತು. ಬಟ್ಟಲು ಮುಳುಗಿತ್ತು. ಒಳಗೆ ಮಂಚ ಕಿರುಗುಟ್ಟಿತು.

ಗುರುತು ಹಿಡಿಯುವ ಆಸೆಯನ್ನು ಹೊಂಬಾಳಮ್ಮ ಅಲ್ಲೇ ಬಿಟ್ಟಳು. ಗಂಡ ಸಿಕ್ಕದಿದ್ದರೂ ಚಿಂತೆಯಿಲ್ಲ, ಕತ್ತಿಗೆ ಸಿಕ್ಕಬಾರದು. ಹುಂಜವಾಗಿಯೇ ಆಗಲಿ, ಎಲ್ಲೋ ಒಂದು ಬೇಲಿಯ ಮೇಲೆ ಕೂಗಿಕೊಂಡು ಬದುಕಿರಲಿ. ಸೆರಗು ಸುತ್ತಿದ ಕೈಯಲ್ಲೇ ಉಳಿ ತೆಗೆದು ಹಿಂದಿನ ಗೋಡೆಯ ಬುಡದಲ್ಲಿ ಮಂಡಿಯೂರಿದಳು. ಒಳಗಿನಿಂದ ಅದು ಬರೀ ಮಣ್ಣು. ಉಳಿ ಸರ್ರನೆ ಇಳಿಯಿತು. ಉಂಡೆ ಉಂಡೆಯಾಗಿ ಮಣ್ಣು ಉದುರಿತು, ಹೊರಗಿನ ಬೆಳಕು ಬೆರಳಿನಷ್ಟು ಒಳಗೆ ಬಂತು, ಅಂಗೈಯಷ್ಟಾಯಿತು. ಬೆಳಕು ಕಂಡ ಹುಂಜಗಳು ಗುಂಪುಗುಂಪಾಗಿ ನುಗ್ಗಿದವು. ಅವಳ ಮೊಣಕೈಯ ಕೆಳಗೆ, ಮಂಡಿಯ ಸಂದಿಯಲ್ಲಿ ಎಲ್ಲೆಲ್ಲೂ ಕೆಂಪು ಜುಟ್ಟುಗಳು. ಒಂದು ರೆಕ್ಕೆಯೂ ಕೈಗೆ ತಾಕದ ಹಾಗೆ ಅವಳು ಮೈಯನ್ನು ಹಿಡಿಮಾಡಿಕೊಂಡು ಕೊರೆದಳು.

ಹಿಂದೆ ಬಾಗಿಲು ತೆರೆದ ಸದ್ದು ಕೇಳಿತು.

ಧೂಮಕೇಶ ಹೊಸ್ತಿಲಿನಲ್ಲಿ ನಿಂತಿದ್ದ. ಕೈಯಲ್ಲಿ ಮೊಳದುದ್ದದ ಕತ್ತಿ, ಕೆನ್ನೆಯ ಮೇಲೆ ದಿಂಬಿನ ಗುರುತು. ಅವನು ಕೂಗಾಡಲಿಲ್ಲ. ಓಡುವುದಕ್ಕೆ ಅವಳಿಗೆ ಜಾಗವಿಲ್ಲವೆಂದು ಅವನಿಗೆ ಗೊತ್ತಿತ್ತು.

"ಇಷ್ಟೊಂದು ಗಂಡಂದಿರಲ್ಲಿ ನಿನ್ನವನು ಯಾರಮ್ಮ?" ಎಂದ. "ಬೇಗ ಮುಟ್ಟು. ಸಾರಿಗೆ ಒಂದು ಹೇಂಟೆ ಇದೆ, ಇನ್ನೊಂದು ಇದ್ದರೂ ಹಂಡೆಯಲ್ಲಿ ಜಾಗ ಇದೆ."

ಹೊಂಬಾಳಮ್ಮ ತಿರುಗಿ ನೋಡಿದಳು.

ತೊಂಬತ್ತೊಂಬತ್ತು ಹುಂಜಗಳು ಕನ್ನದ ಕಡೆಗೆ ಮುಖ ಮಾಡಿದ್ದವು. ಕತ್ತು ಚಾಚಿ, ಒಂದನ್ನೊಂದು ತಳ್ಳಿಕೊಂಡು, ಬೆಳಕನ್ನೇ ನೋಡುತ್ತಿದ್ದವು. ಒಂದು ಮಾತ್ರ ಅವಳಿಗೆ ಬೆನ್ನು ಮಾಡಿ ನಿಂತಿತ್ತು. ಬೆಳಕು ಅದಕ್ಕೆ ಬೇಕಿರಲಿಲ್ಲ. ಅವಳ ಬೆನ್ನಿನಿಂದ ಒಂದೂವರೆ ಗೇಣು ದೂರದಲ್ಲಿ, ಕಾಲು ಅಗಲಿಸಿ, ರೆಕ್ಕೆ ಬಿಚ್ಚಿ, ಬಾಗಿಲಿನ ಕಡೆ ನೋಡುತ್ತಾ, ಕತ್ತಿ ಹಿಡಿದವನಿಗೂ ಅವಳಿಗೂ ನಡುವೆ ನಿಂತಿತ್ತು. ಧೂಮಕೇಶ ಒಂದು ಹೆಜ್ಜೆ ಇಟ್ಟ. ಅದು ಕತ್ತಿನ ಗರಿ ನಿಮಿರಿಸಿತು, ಆದರೆ ಜಾಗ ಬಿಡಲಿಲ್ಲ.

ಒಬ್ಬರು ಕನ್ನ ಕೊರೆಯುವಾಗ ಇನ್ನೊಬ್ಬರು ಬೆನ್ನು ಮಾಡಿ ದಾರಿ ಕಾಯಬೇಕು. ಮೂವತ್ತು ವರ್ಷದಲ್ಲಿ ಅವಳು ಕೊರೆದ ಒಂದು ಕನ್ನವನ್ನೂ ಜಟ್ಟಪ್ಪ ತಿರುಗಿ ನೋಡಿದವನಲ್ಲ. ಅವಳಿಗೆ ಅವನ ಮುಖಕ್ಕಿಂತ ಬೆನ್ನಿನ ಪರಿಚಯವೇ ಹೆಚ್ಚು.

ಅವಳು ಸೆರಗಿನಿಂದ ಕೈ ತೆಗೆದು ಆ ಬೆನ್ನನ್ನು ಮುಟ್ಟಿದಳು.

ಕೋಳಿಮನೆಯ ತುಂಬ ಗರಿ ಹಾರಿತು. ಗರಿ ಇಳಿದಾಗ ಅಲ್ಲಿ ನೂರು ಗಂಡಸರು ಒಬ್ಬರ ಕಾಲನ್ನು ಒಬ್ಬರು ತುಳಿದುಕೊಂಡು ನಿಂತಿದ್ದರು. ಸಂಗೀತದ ಮೇಷ್ಟ್ರ ಬಾಯಲ್ಲಿ ಇನ್ನೂ ನುಚ್ಚಿತ್ತು. ಗಾಣಿಗರ ಹೆಂಗಸು ಎದ್ದುನಿಂತು ಗಂಡನನ್ನು ಹುಡುಕಿ, ಇಷ್ಟು ದಿನ ಯಾವ ಮೂಲೆಯಲ್ಲಿದ್ದೆ ಎಂದು ಬಯ್ಯತೊಡಗಿದಳು. ಬಿಟ್ಟ ಮಾಯೆ ಎಲ್ಲಿಗಾದರೂ ಹೋಗಬೇಕಲ್ಲ, ಅದು ತನ್ನನ್ನು ಕಟ್ಟಿದವನನ್ನೇ ಹುಡುಕಿಕೊಂಡು ಹೋಯಿತು. ಹೊಸ್ತಿಲಿನ ಮೇಲೆ ಒಂದು ಬಡಕಲು ಹುಂಜ ಕತ್ತಿಯ ಪಕ್ಕದಲ್ಲಿ ನಿಂತು ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ಹಂಡೆ ಕುದಿಯುತ್ತಿತ್ತು, ನೂರು ಜನಕ್ಕೂ ಹಸಿವಾಗಿತ್ತು. ಆದರೂ ಅದನ್ನು ಯಾರೂ ಮುಟ್ಟಲಿಲ್ಲ. ಹುಂಜದ ಬಾಳು ಎಂಥದೆಂದು ಅವರಿಗೆಲ್ಲ ಗೊತ್ತಿತ್ತು. ಅಂಬಿಗನೊಬ್ಬ ಅದನ್ನು ಬುಟ್ಟಿಯಲ್ಲಿ ಮುಚ್ಚಿ ಅರಮನೆಗೆ ಹೊತ್ತುಕೊಂಡು ಹೋದ.

ಎಲ್ಲರೂ ಹೊರಟ ಮೇಲೆ ಗಂಡ ಹೆಂಡತಿ ಇಬ್ಬರೇ ಬೆಟ್ಟದ ದಾರಿಯಲ್ಲಿ ಇಳಿದರು. ಜಟ್ಟಪ್ಪ ತಲೆ ತಗ್ಗಿಸಿ ನಡೆಯುತ್ತಿದ್ದ, ಮೀಸೆ ತಿರುವುವ ಧೈರ್ಯ ಅವನಿಗಿರಲಿಲ್ಲ. ಕನ್ನದಲ್ಲಿ ಬೆಳಕು ಕಂಡಾಗ ಎಲ್ಲರ ಹಾಗೆ ನುಗ್ಗಲಿಲ್ಲ ಯಾಕೆ ಎಂದು ಅವಳು ಕೇಳಿದಳು. ನಾನೆಂದು ಗೊತ್ತಾಯಿತೇ ಎಂದೂ ಕೇಳಿದಳು.

ಹೌದೆಂದು ಹೇಳಿದರೆ ಅವಳಿಗೆ ಸಂತೋಷವಾಗುತ್ತಿತ್ತು. ಆದರೆ ಅವಳಿಗೆ ಅವನು ಎಂದೂ ಸುಳ್ಳು ಹೇಳಿದವನಲ್ಲ.

"ಇಲ್ಲ ಕಣೇ," ಎಂದ. "ನೀನು ಯಾರು, ನಾನು ಯಾರು, ಏನೂ ಗೊತ್ತಿರಲಿಲ್ಲ. ಹಿಂದೆ ಉಳಿ ಸದ್ದು ಕೇಳಿಸ್ತು. ನಾನು ನಿಂತ್ಕೋಬೇಕಾದ ಜಾಗ ಇದು ಅಂತ ಅಷ್ಟೇ ಗೊತ್ತಾಯ್ತು."

ಹೊಂಬಾಳಮ್ಮ ಆಗ ಅತ್ತಳು. ದಾರಿಯ ನಡುವೆ, ಹಾಡಹಗಲಿನಲ್ಲಿ, ಹೋಗಿಬರುವವರೆಲ್ಲ ನೋಡುತ್ತಿರುವಾಗ ಕೂತು ಅತ್ತಳು. ಅವಳು ಅತ್ತು ಮುಗಿಸುವವರೆಗೂ ಜಟ್ಟಪ್ಪ ಅವಳಿಗೆ ಬೆನ್ನು ಮಾಡಿ, ದಾರಿಯ ಎರಡೂ ಕಡೆ ನೋಡುತ್ತಾ ಕಾದು ನಿಂತಿದ್ದ.

ಆಮೇಲೆ ಮುತ್ತಿನಕೊಲ್ಲಿಯಲ್ಲಿ ಯಾರೂ ಕಾಣೆಯಾಗಲಿಲ್ಲ. ಹಡಗುಗಳು ಬಂದವು, ಹೋದವು, ಮನೆ ಮನೆಯ ಹಂಡೆಯಲ್ಲಿ ಬರೀ ಬೇಳೆಯ ಸಾರು ಕುದಿಯಿತು, ಎಲ್ಲರೂ ಹೊಟ್ಟೆ ತುಂಬ ಉಂಡು ಕಣ್ಣು ತುಂಬ ನಿದ್ದೆ ಮಾಡಿದರು. ಕತೆ ಹೇಳಿದವರಿಗೂ ಕೇಳಿದವರಿಗೂ ಅಂಥದೇ ನಿದ್ದೆ ಬರಲಿ.