ಇಳಿಜಾರಿಗೆ ಉರುಳಿದ ಟ್ರೇಲರ್

ಜೊರ್ನಿತ್ಸಾ ಗೇಟು ದಾಟಿದಾಗ ಮೊದಲು ಕೇಳಿಸಿದ್ದು ಯಾರದೋ ನರಳಾಟ. ಆಮೇಲೆ ಕಂಡದ್ದು ಟ್ರೇಲರ್.

ಹಿಂದಿನ ಸಂಜೆ ಅದನ್ನು ಲಾರಿಯಿಂದ ಕಳಚಿ, ತರಬೇತಿ ಅಂಗಳದ ಮೇಲ್ತುದಿಯಲ್ಲಿ ನಿಲ್ಲಿಸಿ ಹೋದವಳು ಅವಳೇ. ಈಗ ಅದು ಇಳಿಜಾರಿನ ಬುಡದಲ್ಲಿತ್ತು. ಅದರ ಎಡಮಗ್ಗುಲು ಕಾಂಕ್ರೀಟ್ ಗೋಡೆಗೆ ಅಂಟಿಕೊಂಡಿತ್ತು. ನಡುವೆ ಅಂಗೈ ತೂರುವಷ್ಟೂ ಸಂದಿಯಿಲ್ಲ. ಗೋಡೆಯ ಕೊನೆಗಿದ್ದ ಹಲಗೆಯ ಕೋಣೆ ಮುರಿದುಬಿದ್ದಿತ್ತು. ಚಾಲನೆ ಕಲಿಸುವ ಮುದುಕ ಕುಜ್ಮಾನ್ ಎಲ್ಲರಿಗಿಂತ ಮುಂಚೆ ಬಂದು ಕಾಫಿ ಕಾಯಿಸಿಕೊಳ್ಳುತ್ತಿದ್ದ ಕೋಣೆ ಅದು.

"ಕುಜ್ಮಾನಣ್ಣಾ!"

"ಕಿರುಚಬೇಡ್ವೇ," ಹಲಗೆಗಳಡಿಯಿಂದ ದನಿ ಬಂತು. "ಕಾಲು ಸಿಕ್ಕೊಂಡಿದೆ. ಆಗಷ್ಟೇ ಕಾಫಿ ಇಟ್ಟಿದ್ದೆ, ಧಡ್ ಅಂತ ಬಂದು ಬಿತ್ತು. ಯಾರನ್ನಾದ್ರೂ ಕರಿ."

ಅಗ್ನಿಶಾಮಕದವರು ಬಂದು, ಹಲಗೆ ಕೊಯ್ದು ಅವನನ್ನು ಹೊರಗೆಳೆದರು. ಮೊಣಕಾಲ ಕೆಳಗೆ ಎಲುಬು ಮುರಿದಿತ್ತು. ಆಂಬುಲೆನ್ಸ್ ಇನ್ನೂ ಗೇಟಿನಲ್ಲಿರುವಾಗಲೇ ಲಾರಿ ಚಾಲನೆ ಶಾಲೆಯ ಮಾಲೀಕ ಸ್ತಾಮೆನ್ ಗೆರ್ಗೊವ್ ಕೂಗಾಡತೊಡಗಿದ.

"ಸಂಜೆ ಇದನ್ನ ನಿಲ್ಲಿಸಿದ್ದು ಯಾರು? ಇವಳೇ ತಾನೆ? ಬ್ರೇಕ್ ಹಿಡಿಸೋ ಕೆಂಪು ಗುಂಡಿ ಎಳೆದೇ ಇಲ್ಲ, ಒಳಗೇ ಇದೆ! ಗಾಲಿಗೆ ಕೊಡೋ ಬೆಣೆ ಎರಡೂ ಕೊಕ್ಕೆಯಲ್ಲೇ ಕೂತಿವೆ! ಒಲೆ ಮುಂದೆ ಇರೋರನ್ನ ತಂದು ಸ್ಟೀರಿಂಗ್ ಮುಂದೆ ಕೂರಿಸಿದ್ರೆ ಇನ್ನೇನಾಗುತ್ತೆ?"

"ನಾನು ಮೊದಲೇ ಹೇಳಿದ್ದೆ!" ಜೊತೆಯಲ್ಲಿ ಕಲಿಯುತ್ತಿದ್ದ ಮೆತೋದಿ ಅಂಗಳಕ್ಕೆಲ್ಲ ಕೇಳುವಂತೆ ಕೂಗಿದ. "ಹೆಂಗಸಿಗೆ ಯಾಕೆ ಇದು? ಮುದುಕನ ಕಾಲು ತೆಗೆದ್ಲು ನೋಡಿ!"

ಜೊರ್ನಿತ್ಸಾಳ ಕಿವಿ ಬಿಸಿಯಾಯಿತು. ಹೊಲಿಗೆ ಕಾರ್ಖಾನೆ ಬಾಗಿಲು ಹಾಕಿದ ಮೇಲೆ, ನಲವತ್ತರ ಹೊಸ್ತಿಲಲ್ಲಿ, ಇಡೀ ವ್ರಾತ್ಸಾ ಊರು ನಗುತ್ತಿದ್ದರೂ ಕೇಳದೆ ಇಲ್ಲಿಗೆ ಸೇರಿದ್ದಳು. ಈ ಅಂಗಳದಲ್ಲಿ ಅವಳನ್ನು ನೋಡಿ ನಗದಿದ್ದವನು ಕುಜ್ಮಾನ್ ಒಬ್ಬನೇ.

"ನಾನು ಗುಂಡಿ ಎಳೆದಿದ್ದೆ. ಎರಡೂ ಬೆಣೆ ಕೊಟ್ಟಿದ್ದೆ," ಎಂದಳು.

ಯಾರೂ ಅವಳ ಮುಖ ನೋಡಲಿಲ್ಲ.

ಇನ್ಸ್‌ಪೆಕ್ಟರ್ ಯೂಲಿಯಾನಾ ಚಾಕರೊವಾ ಬಂದವಳೇ ಒಂದು ಸುತ್ತು ಹಾಕಿದಳು. ಸೂರ್ಯಕಾಂತಿ ಬೀಜ ಸುಲಿದು ಬಾಯಿಗೆ ಹಾಕಿಕೊಳ್ಳುತ್ತ, ಸಿಪ್ಪೆಯನ್ನು ಕೋಟಿನ ಜೇಬಿಗೇ ತುಂಬುತ್ತಿದ್ದ ದಪ್ಪ ಹೆಂಗಸು. ಬಗ್ಗಿ ಗೋಡೆಯ ಸಂದಿ ಇಣುಕಿದಳು. ಏನೂ ಕಾಣಲಿಲ್ಲ. ಕ್ರೇನ್ ಬರುವವರೆಗೂ ಟ್ರೇಲರನ್ನು ಯಾರೂ ಮುಟ್ಟಕೂಡದು ಎಂದಳು.

"ಬೆಣೆ ಎಲ್ಲಿ ಕೊಟ್ಟೆಯಮ್ಮ?"

"ಎಡಗಡೆ ಹಿಂದಿನ ಗಾಲಿಗೆ. ಮುಂದೊಂದು, ಹಿಂದೊಂದು."

"ಮರೆತಿರಬಹುದಲ್ಲ? ದಿನವೆಲ್ಲ ಓಡಿಸಿ ಸುಸ್ತಾಗಿರುತ್ತೆ."

"ಬೇರೆ ಏನು ಮರೆತರೂ ಅದನ್ನ ಮರೆಯಲ್ಲ ಮೇಡಂ. ಈ ಟ್ರೇಲರಿನ ಬ್ರೇಕ್ ನಂಬಬೇಡ, ಬೆಣೆ ನಂಬು ಅಂತ ಕುಜ್ಮಾನಣ್ಣ ದಿನಾ ಬೈತಿದ್ರು."

ಬೀಜ ಸುಲಿಯುತ್ತಿದ್ದ ಬೆರಳು ನಿಂತಿತು. "ಬ್ರೇಕ್ ಯಾಕೆ ನಂಬಬಾರದು?"

"ಕೇಳಿದ್ರೆ, ಮಾಲೀಕರನ್ನ ಕೇಳು ಅಂತಿದ್ರು. ಕೇಳಿದೆ. ನಿನಗ್ಯಾಕೆ ಅಂದ್ರು."

ಆಮೇಲೆ ಮಿಂಚೊನ ಸರದಿ. ನಾಳೆಯ ಪರೀಕ್ಷೆಗೆಂದು ಅಂಗಳದ ಬಿಳಿಗೆರೆಗಳಿಗೆ ಸಂಜೆ ಹೊಸದಾಗಿ ಬಣ್ಣ ಬಳಿದವನು ಅವನು. ಬಾಯಲ್ಲಿ ಬ್ರಾಂಡಿಯ ವಾಸನೆ, ಕಣ್ಣಲ್ಲಿ ಭಯ.

"ಇವಳು ಹೋದ ಮೇಲೆ ತಾನೆ ನೀನು ಬಂದದ್ದು?"

"ಹೌದು ಮೇಡಂ. ಅವಳು ಗೇಟಿನಲ್ಲೇ ಸಿಕ್ಕಿದ್ಲು."

"ಗಾಲಿಗೆ ಬೆಣೆ ಇತ್ತಾ?"

"ಯಾರು ನೋಡಿದ್ರು? ಬಕೆಟ್ಟು, ಉದ್ದ ಕೋಲು, ಕೋಲಿಗೆ ರೋಲರು. ಗೆರೆ ಹಿಡ್ಕೊಂಡು ತಲೆ ಎತ್ತದೆ ಬಳ್ಕೊಂಡು ಹೋದೆ."

"ಗೇಟಿನ ಬೀಗದ ಕೈ?"

"ಕತ್ತಲಾಗೋಕೆ ಮುಂಚೆ ಸ್ತಾಮೆನ್ ಸಾಹುಕಾರ್ರಿಗೇ ಕೊಟ್ಟೆ. ಆಗ ಟ್ರೇಲರ್ ಮೇಲ್ತುದಿಯಲ್ಲೇ ನಿಂತಿತ್ತು, ದೇವರಾಣೆ!"

ಮಾಲೀಕನ ಉತ್ತರ ಚುಟುಕಾಗಿತ್ತು. ತಾನು ಮನೆಯಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಗ್ನಿಶಾಮಕದವರ ಹಿಂದೆಯೇ ಬಂದದ್ದು. ಅಷ್ಟೇ.

ಚಾಕರೊವಾ ಆಸ್ಪತ್ರೆಗೆ ಹೋದಳು. ಅವಳ ಕಾರು ಮರೆಯಾದದ್ದೇ ತಡ, ಸ್ತಾಮೆನ್ ಜೊರ್ನಿತ್ಸಾಳ ಪಕ್ಕ ಬಂದು ನಿಂತ. ದನಿ ಈಗ ಬೆಣ್ಣೆಯಂತಿತ್ತು.

"ನೋಡಮ್ಮ, ಹಟ ಬೇಡ. ಮರೆತೆ ಅಂದ್ಬಿಡು. ಹೊಸಬರು, ಆಗುತ್ತೆ. ಪರೀಕ್ಷೆ ಮಾಡೋರು ನನಗೆ ಬೇಕಾದೋರು. ನಿನ್ನ ಲೈಸೆನ್ಸ್ ನಿನ್ನ ಕೈಗೆ ಬರೋ ಜವಾಬ್ದಾರಿ ನನ್ನದು."

"ಕುಜ್ಮಾನಣ್ಣನ ಕಾಲು ನಾನು ಮುರಿದೆ ಅಂತ ಒಪ್ಕೋಬೇಕು. ಅದಕ್ಕೆ ಲೈಸೆನ್ಸು?"

"ಹಾಗಲ್ಲ—"

"ಹಾಗೇ. ಆಮೇಲೆ ನಲವತ್ತು ಟನ್ ಹೇರಿಕೊಂಡು ಘಾಟಿ ಇಳಿಯುವಾಗಲೂ ನಿಮಗೆ ಬೇಕಾದವರು ಬಂದು ಬ್ರೇಕ್ ಹಾಕ್ತಾರಾ?"

ಅವನ ಮುಖ ಬಿಗಿಯಾಯಿತು. "ಹಾಗಿದ್ರೆ ಜೈಲಿಗೆ ಹೋಗು," ಎಂದು ತಿರುಗಿ ನಡೆದ.

ಮಧ್ಯಾಹ್ನ ಕ್ರೇನ್ ಬಂತು. ಚಾಕರೊವಾಳೂ ವಾಪಸಾದಳು. ಉಕ್ಕಿನ ಹಗ್ಗ ಬಿಗಿದು, ಟ್ರೇಲರ್ ಕಿರುಗುಟ್ಟುತ್ತ ಗೋಡೆಯಿಂದ ಬಿಟ್ಟುಕೊಂಡಿತು. ಎಡಮಗ್ಗುಲು ಬಯಲಾಯಿತು. ಎಲ್ಲರೂ ಕತ್ತು ಚಾಚಿದರು.

ಕೆಂಪು ಗುಂಡಿ ಒಳಗೇ ಇತ್ತು. ಕೊಕ್ಕೆಗಳಲ್ಲಿ ಎರಡೂ ಬೆಣೆಗಳು ಅಚ್ಚುಕಟ್ಟಾಗಿ ಕೂತಿದ್ದವು.

"ನಾನು ಹೇಳಲಿಲ್ವಾ?" ಸ್ತಾಮೆನ್ ಅಬ್ಬರಿಸಿದ.

ಜೊರ್ನಿತ್ಸಾಳಿಗೆ ಒಂದು ಗಳಿಗೆ ತನ್ನ ಮೇಲೇ ಅನುಮಾನ ಬಂತು. ಬೆಣೆ ಕೊಟ್ಟಿದ್ದೆನೇ? ಕೊಟ್ಟೆನೆಂದು ಅಂದುಕೊಂಡಿದ್ದೆನೇ? ಆ ಅನುಮಾನ ಹುಟ್ಟಿಸಿದವನ ಮೇಲೆ ಕೊನೆಗೆ ಸಿಟ್ಟೇ ಉಕ್ಕಿತು. ಇಲ್ಲ. ಕೊಟ್ಟಿದ್ದೆ. ಬೂಟುಗಾಲಲ್ಲಿ ಒದ್ದು ಒಳಗೆ ಸರಿಸಿದ್ದೆ.

ಚಾಕರೊವಾ ಒಂದು ಬೆಣೆಯನ್ನು ಕೊಕ್ಕೆಯಿಂದ ಕಿತ್ತು, ತಿರುಗಿಸಿ ನೋಡಿದಳು. ನಂತರ ಇಳಿಜಾರು ಹತ್ತತೊಡಗಿದಳು. ಉಳಿದವರು ಹಿಂಬಾಲಿಸಿದರು.

"ಟ್ರೇಲರ್ ನಿಂತಿದ್ದ ಜಾಗ ಇದೇ ತಾನೆ? ಮಿಂಚೊ, ಈ ಗೆರೆ ನೀನು ಬಳಿದದ್ದು?"

"ಹೌದು ಮೇಡಂ."

"ಮಧ್ಯದಲ್ಲಿ ಇದೇನು?"

ಗಾಲಿ ನಿಂತಿದ್ದ ಜಾಗದ ಹಿಂದೆಯೇ ಅಡ್ಡಕ್ಕೆ ಹಾದುಹೋಗಿದ್ದ ಬಿಳಿಗೆರೆ ಒಂದು ಕಡೆ ತುಂಡಾಗಿತ್ತು. ಅಷ್ಟು ಜಾಗದಲ್ಲಿ ಹಳೆಯ ಕರಿ ಡಾಂಬರು ಹಾಗೇ ಇತ್ತು, ಕತ್ತರಿಸಿಟ್ಟ ಹಾಗೆ ಚೌಕವಾಗಿ. ಚಾಕರೊವಾ ಬಗ್ಗಿ ಕೈಯಲ್ಲಿದ್ದ ಬೆಣೆಯನ್ನು ಅಲ್ಲಿಟ್ಟಳು. ಅದು ಅಲ್ಲಿ ಸರಿಯಾಗಿ ಕೂತಿತು. ಬೆಣೆಯ ಬೆನ್ನ ಮೇಲೆ ಬಳಿದಿದ್ದ ಅಗಲವಾದ ಬಿಳಿ ಪಟ್ಟೆ ನೆಲದ ಗೆರೆಗೆ ಕೂಡಿಕೊಂಡಿತು. ಈಗ ಗೆರೆ ಎಲ್ಲೂ ತುಂಡಾಗಿರಲಿಲ್ಲ.

ಅವಳು ಮಿಂಚೊನತ್ತ ತಿರುಗಿದಳು.

"ಬೆಣೆ ಮೇಲೇ ಬಳಿದ್ಬಿಟ್ಟಿದೀಯಲ್ಲೋ ಮಾರಾಯ!"

"ರೋಲರಿಗೆ ಏನು ತಗಲಿತು ಅಂತ ಬಗ್ಗಿ ನೋಡೋಕೆ ಯಾರಿಗೆ ಪುರಸೊತ್ತು ಮೇಡಂ?" ಮಿಂಚೊ ನೆಲ ನೋಡುತ್ತ ಗೊಣಗಿದ.

"ನಿನ್ನ ಸೋಮಾರಿತನಕ್ಕೆ ಕೈ ಮುಗೀಬೇಕು. ಇಡೀ ಅಂಗಳದಲ್ಲಿ ಎಲ್ಲಿ ನೋಡಿದರೂ ಬಿಳಿ ಬಣ್ಣ. ಬೆಣೆ ಮೇಲಿದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ—ಇದನ್ನ ಕೊಕ್ಕೆಗೆ ಸಿಕ್ಕಿಸಿದವನ ಕಣ್ಣಿಗೂ." ಅವಳು ಎದ್ದು ನಿಂತಳು. "ಜೊರ್ನಿತ್ಸಾ ಹೋದ ಮೇಲೆ ಬಣ್ಣ ಬಳಿದದ್ದು. ಬಳಿಯುವಾಗ ಬೆಣೆ ನೆಲದ ಮೇಲಿತ್ತು. ಅಂದ್ರೆ ಅವಳು ಕೊಟ್ಟಿದ್ದಳು. ತೆಗೆದದ್ದು ಬೇರೆ ಯಾರೋ—ಬೆಳಿಗ್ಗೆ, ಕುಜ್ಮಾನ್ ಕಾಫಿ ಇಡುವ ಹೊತ್ತಿಗೆ."

"ಹಾಗಾದ್ರೆ ಯಾರು?" ಎಂದ ಮೆತೋದಿ.

"ಗುಂಡಿ ಒಳಗಿದೆ, ಬೆಣೆ ಕೊಕ್ಕೆಯಲ್ಲಿವೆ ಅಂತ ಬೆಳಿಗ್ಗೆ ನಿಮಗೆಲ್ಲ ಹೇಳಿದವರು ಯಾರು?"

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು.

"ನೋಡಿದ್ದನ್ನ ಹೇಳಿದೆ!" ಎಂದ ಸ್ತಾಮೆನ್.

"ಯಾವಾಗ ನೋಡಿದ್ರಿ? ಎರಡೂ ಇರೋದು ಎಡಮಗ್ಗುಲಲ್ಲಿ. ಅದು ಗೋಡೆಗೆ ಒತ್ತಿಕೊಂಡಿತ್ತು. ನಾನೇ ಇಣುಕಿದೆ, ಕಾಣಲಿಲ್ಲ."

"ಅಂದರೆ... ಊಹೆ. ನೆಲದ ಮೇಲೆ ಬೆಣೆ ಇರಲಿಲ್ಲ, ಅದಕ್ಕೆ ಕೊಕ್ಕೆಯಲ್ಲೇ ಇರಬೇಕು ಅಂತ..."

"ಬೆಣೆ ಊಹೆ ಮಾಡಿದ್ರಿ. ಒಪ್ಪೋಣ. ಗುಂಡಿ? ಅದು ಒಳಗಿತ್ತೋ ಹೊರಗಿತ್ತೋ, ಅದನ್ನ ಒತ್ತಿದವನಿಗೆ ಮಾತ್ರ ಗೊತ್ತು."

ಸ್ತಾಮೆನ್ ಒಂದು ಹೆಜ್ಜೆ ಹಿಂದೆ ಸರಿದ.

"ಯಾಕೆ ಅಂತ ಕುಜ್ಮಾನ್ ಹೇಳಿದ್ರು. ಇದರ ಬ್ರೇಕ್ ಸತ್ತು ಎಷ್ಟೋ ತಿಂಗಳಾಯ್ತು. ಸರಿಮಾಡಿಸು ಅಂತ ಅವರು ಗೋಗರೆದರು. ನೀವು ಮಾಡಿಸಲಿಲ್ಲ. ಇದನ್ನ ನಿಲ್ಲಿಸ್ತಿದ್ದದ್ದು ಆ ಎರಡು ಬೆಣೆ ಮಾತ್ರ. ಪರೀಕ್ಷೆಗೆ ಮುಂಚೆ ನಾಳೆ ವಾಹನ ತಪಾಸಣೆ. ಸಿಕ್ಕಿಬಿದ್ದರೆ ಶಾಲೆಗೆ ಬೀಗ. ಅದಕ್ಕೇ ಉರುಳಿಸಿ ಪುಡಿ ಮಾಡಿದ್ರಿ. ಮುರಿದುಬಿದ್ದ ಮೇಲೆ ಬ್ರೇಕನ್ನ ಯಾರು ಪರೀಕ್ಷೆ ಮಾಡ್ತಾರೆ? ತಪ್ಪು ಹೊರಿಸೋಕೆ ಒಬ್ಬ ಹೆಂಗಸು ಸಿಕ್ಕಿದ್ದಳು."

"ಮುದುಕ ಒಳಗಿದ್ದಾನೆ ಅಂತ ನನಗೆ ಗೊತ್ತಿರಲಿಲ್ಲ!" ಸ್ತಾಮೆನ್ ಚೀರಿದ.

"ಕೂಗಿದ್ದು ಕೇಳಿಸಿರಬೇಕಲ್ಲ?" ಜೊರ್ನಿತ್ಸಾ ಅವನೆದುರು ಬಂದು ನಿಂತಳು. "ನಾನು ಬರೋವರೆಗೂ ಅವರು ಅಲ್ಲೇ ನರಳ್ತಾ ಬಿದ್ದಿದ್ರು. ನೀವು ಕೇಳಿಸ್ಕೊಂಡು ಹೊರಟುಹೋದ್ರಿ. ಬ್ರೇಕಿಲ್ಲದ ಇದೇ ಟ್ರೇಲರನ್ನ ನಮ್ಮ ಕೈಗೆ ಕೊಟ್ಟು ಮಕ್ಕಳು ಓಡಾಡೋ ಬೀದಿಗೆ ಕಳಿಸಿದ್ರಿ. ಒಲೆ ಮುಂದೆ ಇರಬೇಕಾದೋಳು ನಾನಾ?"

ಚಾಕರೊವಾ ತನ್ನ ಜೊತೆ ಬಂದಿದ್ದ ಪೇದೆಗೆ ಕಣ್ಸನ್ನೆ ಮಾಡಿದಳು.

ಪೊಲೀಸ್ ಕಾರು ಹೋದ ಮೇಲೆ ಮೆತೋದಿ ಟೋಪಿ ಹಿಸುಕುತ್ತ ಹತ್ತಿರ ಬಂದ. "ತಪ್ಪಾಯ್ತು ಅಕ್ಕ," ಎಂದ, ಅವಳಿಗಷ್ಟೇ ಕೇಳುವಂತೆ.

"ಬೆಳಿಗ್ಗೆ ಎಷ್ಟು ಜೋರಾಗಿ ಕೂಗಿದ್ದೆ?"

"ಆಂ?"

"ಅಷ್ಟೇ ಜೋರಾಗಿ ಹೇಳು. ಪಿಸುಗುಟ್ಟೋ ಕ್ಷಮೆ ನನಗೆ ಬೇಡ."

ಅವನು ಸುತ್ತ ನೋಡಿದ. ಕ್ರೇನಿನವನು, ಮಿಂಚೊ, ಜೊತೆಯ ಹುಡುಗರು ಎಲ್ಲರೂ ಅಲ್ಲೇ ಇದ್ದರು. ಮುಖ ಕೆಂಪಗಾಯಿತು. ಒಮ್ಮೆ ಗಂಟಲು ಸರಿಮಾಡಿಕೊಂಡು, ಅಂಗಳಕ್ಕೆಲ್ಲ ಕೇಳುವಂತೆ ಕೂಗಿದ:

"ತಪ್ಪು ಜೊರ್ನಿತ್ಸಾಳದಲ್ಲ! ಸುಳ್ಳು ಆರೋಪ ಹೊರಿಸಿದೋನು ನಾನು!"

"ಸರಿ," ಎಂದಳು ಅವಳು. "ಈಗ ಆಸ್ಪತ್ರೆಗೆ ನಡಿ. ಕುಜ್ಮಾನಣ್ಣನ ಎದುರಿಗೂ ಹೇಳು."