ಒಡೆಯದೆ ಉಳಿದ ಗಾಜಿನ ಗುಂಡು

ಆಸ್ಪತ್ರೆಯಿಂದ ಮರಳಿ ಪಡಸಾಲೆಯ ಬಾಗಿಲು ತೆಗೆದ ಮನೆಯೊಡತಿ ಹೊಸಿಲ ಮೇಲೇ ಕುಸಿದು ಕೂತರಂತೆ. ಅಜ್ಜನ ಅಜ್ಜನ ಕಾಲದ ತೂಗುದೀಪ ನೆಲದ ಮೇಲೆ ಚೂರುಚೂರು!

ಸಂಜೆಯ ಹೊತ್ತಿಗೆ ನಾವು ಅಲ್ಲಿದ್ದೆವು. ನಾವು ಎಂದರೆ, ವಿಮಾ ತನಿಖೆ ಮಾಡಿ ನಿವೃತ್ತರಾದ ನನ್ನ ಅತ್ತಿಗೆ, ಮತ್ತು ಸಂಬಳವಿಲ್ಲದೆ ಅವರ ಕಾರು ಓಡಿಸುವ ಮೈದುನ, ನಾನು.

ಆ ದೀಪವನ್ನು ಹಿಂದೆ ನೋಡಿದ್ದೆ. ಹಿತ್ತಾಳೆಯ ಕಿರೀಟದಿಂದ, ಕೈಯಲ್ಲೇ ಸಾಣೆ ಹಿಡಿದ ಹರಳಿನ ಸರಗಳು ಗುಡಾರದಂತೆ ಇಳಿದು ದೊಡ್ಡದೊಂದು ಬಳೆಯನ್ನು ಸೇರುತ್ತಿದ್ದವು. ಬಳೆಯ ಕೆಳಗೆ ಹರಳಿನದೇ ಬುಟ್ಟಿ. ಎಲ್ಲಕ್ಕಿಂತ ಕೆಳಗೆ, ಬುಟ್ಟಿಯ ತುದಿಯಲ್ಲಿ, ಕಿತ್ತಳೆ ಗಾತ್ರದ ಗಾಜಿನ ಗುಂಡು. ಅಷ್ಟು ದೊಡ್ಡ ದೀಪ ಬೇರೆ ಯಾವ ಸೂರಿಗೂ ಒಗ್ಗದು. ಅದಕ್ಕೇ ಒಡತಿ ಮನೆ ಮಾರಲು ಒಪ್ಪುತ್ತಿರಲಿಲ್ಲ.

ಸರಪಳಿಯ ಕೊಂಡಿಯೊಂದು ಬಾಯಿಬಿಟ್ಟಿತ್ತು. ಮೊನ್ನೆಯಷ್ಟೇ ಸರಗಳನ್ನು ಹೊಸದಾಗಿ ಪೋಣಿಸಿ ದೀಪ ತೂಗುಹಾಕಿದ್ದ ರಿಪೇರಿಯವನು ಮೂಲೆಯಲ್ಲಿ ಬೆವರುತ್ತಾ ನಿಂತಿದ್ದ. ಒಡತಿಯ ತಮ್ಮ ಅವನನ್ನು ಬೈದು ಬೈದು ಸುಸ್ತಾಗಿದ್ದರು. ತಾವು ಹಿತ್ತಲಲ್ಲಿದ್ದರಂತೆ, ಪಂಪಿನ ಗದ್ದಲದಲ್ಲಿ ಏನೂ ಕೇಳಿಸಲಿಲ್ಲವಂತೆ.

“ತಲೆ ಮೇಲೆ ತೂಗುಹಾಕೋ ಕೆಲಸ ಅಮ್ಮಾ ನಂದು,” ಎಂದ ರಿಪೇರಿಯವನು ಅತ್ತಿಗೆಗೆ. “ಒಂದು ಸಲ ಬಿತ್ತು ಅಂದ್ರೆ ಮತ್ಯಾರೂ ಕರೆಯಲ್ಲ. ಆ ಕೊಂಡಿ ಗಟ್ಟಿಯಾಗಿತ್ತು.”

ಇನ್ನೇನು ಹೇಳಿಯಾನು? ನಾನಂತೂ ಅವನನ್ನು ಮನಸ್ಸಿನಲ್ಲೇ ಜೈಲಿಗೆ ಕಳಿಸಿಯಾಗಿತ್ತು.

ಅತ್ತಿಗೆ ಮಂಡಿಯೂರಿ ಚೂರುಗಳ ನಡುವಿನಿಂದ ಗಾಜಿನ ಗುಂಡನ್ನು ಎತ್ತಿಕೊಂಡರು. ಅದನ್ನು ಕಂಡು ಒಡತಿಗೆ ಮತ್ತೆ ಅಳು ಬಂತು. ಚಿಕ್ಕಂದಿನಲ್ಲಿ ಅಪ್ಪ ಅಕ್ಕ-ತಮ್ಮ ಇಬ್ಬರನ್ನೂ ಹೆಗಲಿಗೇರಿಸುತ್ತಿದ್ದರಂತೆ. ಗುಂಡಿನೊಳಗೆ ಮುಖ ತಲೆಕೆಳಗಾಗಿ ಕಾಣುತ್ತಿತ್ತಂತೆ. ತಮ್ಮ ಅದಕ್ಕೆ ನಾಲಿಗೆ ಚಾಚುತ್ತಾ ಕೆಳಗಿಳಿಯಲು ಒಪ್ಪುತ್ತಲೇ ಇರಲಿಲ್ಲವಂತೆ.

ಒರೆಸಲು ದೀಪವನ್ನು ಇಳಿಸುವುದು ಹೇಗೆ ಎಂದು ಅತ್ತಿಗೆ ವಿಚಾರಿಸಿದರು. ಅಟ್ಟದಲ್ಲಿ ರಾಟೆಯಿದೆ, ಮನೆಯವರು ಯಾರು ಬೇಕಾದರೂ ತಿರುಗಿಸಬಹುದು ಎಂದರು ಒಡತಿ.

“ಹಾಗಿದ್ರೆ ಈ ದೀಪ ಬಿದ್ದಿಲ್ಲ. ಇಳಿಸಿದ್ದಾರೆ.”

ಅತ್ತಿಗೆ ಗುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿದರು.

“ಬಿದ್ದಿದ್ರೆ ಮೊದಲು ನೆಲಕ್ಕೆ ಬಡಿಯೋದು ಯಾವುದು? ಈ ಗುಂಡು. ಇದರ ಮೇಲೆ ಒಂದು ಗೀರೂ ಇಲ್ಲ. ದೀಪ ಇಳಿಸಿ, ಇದನ್ನ ಬಿಚ್ಚಿ ಪಕ್ಕಕ್ಕಿಟ್ಟು, ಮಿಕ್ಕಿದ್ದನ್ನ ಜಜ್ಜಿದ್ದಾರೆ. ಆಮೇಲೆ ಕೊಂಡಿ ಮೀಟಿದ್ದಾರೆ.”

“ಏನೋ ಅದೃಷ್ಟ, ಉಳ್ಕೊಂಡಿದೆ,” ಎಂದರು ತಮ್ಮ.

ಅತ್ತಿಗೆ ರಿಪೇರಿಯವನ ಚೀಲದಿಂದ ಸುತ್ತಿಗೆ ತೆಗೆದು ತಮ್ಮನ ಕೈಗಿತ್ತರು. ಗುಂಡನ್ನು ಮೇಜಿನ ಮೇಲಿಟ್ಟರು. “ದೀಪವೇ ಹೋಯ್ತು, ಇದೊಂದು ಯಾಕೆ? ಒಡೆದುಬಿಡಿ.”

ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಗುಂಡಿನೊಳಗೆ ಅವರ ಮುಖ ತಲೆಕೆಳಗಾಗಿ ಕಾಣುತ್ತಿತ್ತು.

“ಆಗಲೂ ಕೈ ಬರಲಿಲ್ಲ, ಅಲ್ವಾ?” ಅತ್ತಿಗೆಯ ದನಿ ಮೆತ್ತಗಾಗಿತ್ತು. “ಇದನ್ನ ಉಳಿಸ್ಕೋಬೇಕು ಅನ್ಸೋದು ಲೋಕದಲ್ಲಿ ಇಬ್ಬರಿಗೇ. ಒಬ್ಬರು ಆಸ್ಪತ್ರೆಯಲ್ಲಿದ್ರು.”

ಸುತ್ತಿಗೆ ಕೆಳಗಿಳಿಯಿತು. “ದೀಪ ಹೋದ್ರೆ ಮನೆ ಮಾರೋಕೆ ಒಪ್ತೀಯ ಅಂದ್ಕೊಂಡೆ, ಅಕ್ಕಾ.”

ಅಕ್ಕ ಅವರತ್ತ ನೋಡಲಿಲ್ಲ. ರಿಪೇರಿಯವನ ಕಡೆ ತಿರುಗಿ, ಮತ್ತೆ ಕಟ್ಟಲು ಆಗುತ್ತದೆಯೇ ಎಂದು ಕೇಳಿದರು.

“ತುಂಬಾ ಸಮಯ ಹಿಡಿಯುತ್ತೆ ಅಮ್ಮಾ. ಗುಂಡು ಇದೆಯಲ್ಲ, ಅಲ್ಲಿಂದ ಮೇಲಕ್ಕೆ ಕಟ್ತೀನಿ.”

“ಕಟ್ಟಿ. ನೀವು ತೂಗುಹಾಕೋ ದಿನ ನಾನು ಅದರ ಕೆಳಗೇ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ.”